ನಮ್ಮವನು ಗೆದ್ದ, ನಮ್ಮ ಮಾತು ಗೆದ್ದಿತೇ?

(ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ರೈತ ಕಾರ್ಯಕರ್ತರ ಶಿಬಿರದಲ್ಲಿ ಆಡಿದ ಮಾತು. ಶಿಬಿರಕ್ಕೆ ಬರಲಾಗದ ಓದುಗ ಬಂಧುಗಳಿಗಾಗಿ ಬರೆದುಕೊಟ್ಟಿದೆ.)



ಶಿಬಿರದ ಮೊದಲ ದಿನವೇ ಜಗಳೂರು ಕಡೆಯ ಹಿರಿಯರೊಬ್ಬರು ಎದ್ದು ನಿಂತು ಒಂದು ಮಾತು ಕೇಳಿದರು. “ಅಲ್ರಪ್ಪಾ, ಓಟಿಗೆ ಬಂದೋರೆಲ್ಲ ನಾನು ರೈತನ ಮಗ ಅಂತಾರೆ. ಗೆದ್ದೋರೂ ರೈತನ ಮಕ್ಕಳೇ, ಸೋತೋರೂ ರೈತನ ಮಕ್ಕಳೇ. ಹಂಗಿದ್ರೆ ನಮ್ಮ ಮೆಕ್ಕೆಜೋಳಕ್ಕೆ ರೇಟು ಯಾಕಿಲ್ಲ?” ಸಭೆ ಗೊಳ್ಳೆಂದು ನಕ್ಕಿತು. ಆಮೇಲೆ ಸುಮ್ಮನಾಯಿತು. ಏಕೆಂದರೆ ಉತ್ತರ ಯಾರ ಹತ್ತಿರವೂ ಇರಲಿಲ್ಲ.

ಅವರು ಕೇಳಿದ್ದು ಸುಳ್ಳೇನಲ್ಲ. 2025-26ನೇ ಸಾಲಿಗೆ ಕೇಂದ್ರ ಸರ್ಕಾರ ಮೆಕ್ಕೆಜೋಳಕ್ಕೆ ಸಾರಿದ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂಪಾಯಿ. 2025ರ ನವೆಂಬರಿನಲ್ಲಿ ಮಾಲು ಮಾರುಕಟ್ಟೆಗೆ ಬಂದಾಗ ಸಿಕ್ಕಿದ್ದು 1,600, 1,800. ಎಕರೆಗೆ 20 ಕ್ವಿಂಟಾಲ್ ಬೆಳೆದವನು 1,800ಕ್ಕೇ ಮಾರಿದ ಅಂತಿಟ್ಟುಕೊಳ್ಳಿ, ಎಕರೆಗೆ 12 ಸಾವಿರ ರೂಪಾಯಿ ಕಣದಲ್ಲೇ ಬಿಟ್ಟು ಬಂದ ಹಾಗೆ. ರೈತರು ಬೀದಿಗಿಳಿದರು. ರಾಜ್ಯದವರು ಕೇಂದ್ರದ ಕಡೆ ಬೆರಳು ತೋರಿಸಿದರು, ಕೇಂದ್ರದವರು ರಾಜ್ಯದ ಕಡೆ ತೋರಿಸಿದರು. ಎರಡೂ ಬೆರಳಿನ ನಡುವೆ ನಮ್ಮ ರಾಶಿ ಮಳೆಗೆ ನೆನೆಯಿತು.

ಈ ಹಿರಿಯರ ಪ್ರಶ್ನೆಯನ್ನು ನಾವು ಮಾತ್ರ ಕೇಳುತ್ತಿಲ್ಲ. ರಾಜ್ಯಶಾಸ್ತ್ರದ ಪಂಡಿತರು ಇದನ್ನೇ ‘ಪ್ರಾತಿನಿಧ್ಯ’ ಅನ್ನುವ ಹೆಸರಿನಲ್ಲಿ ಅರವತ್ತು ವರ್ಷದಿಂದ ಅರೆಯುತ್ತಿದ್ದಾರೆ. ಒಬ್ಬನು ಇನ್ನೊಬ್ಬನ ಪರವಾಗಿ ನಿಂತು ಮಾತಾಡುವುದು ಎಂದರೇನು? ಅವನು ನಮ್ಮವನು ಅಂತ ಯಾವಾಗ ಅನ್ನಬಹುದು? ಇದು ಅವರ ಪ್ರಶ್ನೆ. ನಾನು ಎಸ್ಸೆಸ್ಸೆಲ್ಸಿ ತನಕ ಊರ ಹೈಸ್ಕೂಲಿನಲ್ಲಿ ಓದಿದವನು, ಇಂಗ್ಲಿಷ್ ಗ್ರಂಥ ಓದಿ ಅರಗಿಸಿಕೊಳ್ಳುವ ಶಕ್ತಿ ನನಗಿಲ್ಲ. ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಿದ ನಮ್ಮೂರ ಹುಡುಗನೊಬ್ಬ ಸಂಜೆ ಕಣದಲ್ಲಿ ಕೂತು ನನಗೆ ಓದಿ ಹೇಳಿದ. ಕೇಳುತ್ತಾ ಕೇಳುತ್ತಾ ನನಗನ್ನಿಸಿತು, ಇದು ಪಂಡಿತರ ಮನೆಯಲ್ಲಿ ಇರಬೇಕಾದ ಮಾತಲ್ಲ, ನಮ್ಮ ಕಟ್ಟೆಗೆ ಬರಬೇಕಾದ ಮಾತು. ಅದಕ್ಕೇ ತಂದಿದ್ದೇನೆ.

ಮೊದಲು 1967ನೇ ಇಸವಿಗೆ ಬನ್ನಿ. ಆಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ದಾವಣಗೆರೆ ಜಿಲ್ಲೆಯಾಗಿದ್ದು 1997ರಲ್ಲಿ, ಹೊನ್ನಾಳಿಯಿಂದ ನ್ಯಾಮತಿ ಬೇರೆ ತಾಲ್ಲೂಕಾಗಿದ್ದು 2018ರಲ್ಲಿ. ಆ 1967ರ ಚುನಾವಣೆಯಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋದವರು ಚನ್ನಗಿರಿ ತಾಲ್ಲೂಕು ಕಾರಿಗನೂರಿನ ಜೆ.ಎಚ್. ಪಟೇಲರು, ಸಮಾಜವಾದಿ. ಚಿತ್ರದುರ್ಗದಿಂದ ಹೋದವರು ಜಗಳೂರಿನ ಮಹಮದ್ ಇಮಾಂ ಸಾಹೇಬರು, ಸ್ವತಂತ್ರ ಪಕ್ಷದವರು. ಒಂದು ಪಕ್ಷ ಎಡಕ್ಕೆ ಎಳೆದರೆ ಇನ್ನೊಂದು ಬಲಕ್ಕೆ ಎಳೆಯುತ್ತಿತ್ತು. ಆದರೂ ಇಬ್ಬರೂ ರೈತರ ಹೆಸರು ಹೇಳಿಯೇ ಗೆದ್ದವರು. ಪಟೇಲರು ಲೋಕಸಭೆಯಲ್ಲಿ ಎದ್ದು ನಿಂತು ಕನ್ನಡದಲ್ಲೇ ಮಾತಾಡಿದರು. ಅಲ್ಲಿಯ ತನಕ ಆ ಸಭೆಯಲ್ಲಿ ಯಾರೂ ಕನ್ನಡದಲ್ಲಿ ಮಾತಾಡಿರಲಿಲ್ಲ. ಸ್ಪೀಕರ್ ಆಗಿದ್ದ ನೀಲಂ ಸಂಜೀವರೆಡ್ಡಿ ಅವರು ಅವಕಾಶ ಕೊಟ್ಟರು. ನಮ್ಮ ಭಾಷೆ ದಿಲ್ಲಿಯ ಆ ಗುಮ್ಮಟದೊಳಗೆ ಕೇಳಿಸಿತು ಅಂತ ನಮ್ಮ ಅಪ್ಪಂದಿರು ಹಿಗ್ಗಿದರು. ಹಿಗ್ಗಬೇಕಾದದ್ದೇ.

ಅದೇ 1967ರಲ್ಲೇ ಅಮೆರಿಕದಲ್ಲಿ ಹನ್ನಾ ಪಿಟ್ಕಿನ್ ಅನ್ನುವ ಹೆಣ್ಣುಮಗಳು ಪ್ರಾತಿನಿಧ್ಯದ ಮೇಲೆ ಒಂದು ಪುಸ್ತಕ ಬರೆದರು. ಆ ವಿಷಯದಲ್ಲಿ ಇವತ್ತಿಗೂ ಯಾರೇ ಸಂಶೋಧನೆ ಮಾಡಲಿ, ಆ ಪುಸ್ತಕದಿಂದಲೇ ಶುರು ಮಾಡುತ್ತಾರಂತೆ. ಆಕೆ ಹೇಳಿದ್ದನ್ನು ನಮ್ಮ ಮಾತಿನಲ್ಲಿ ಹೇಳುತ್ತೇನೆ.

ಕೋರ್ಟಿನಲ್ಲಿ ಒಂದು ಗಡಿ ತಕರಾರು ಐತೆ ಅಂತಿಟ್ಟುಕೊಳ್ಳಿ. ವಕೀಲರಿಗೆ ವಕಾಲತ್ತು ಕೊಡುತ್ತೀರಿ. ಅಲ್ಲಿಗೆ ಅವರಿಗೆ ನಿಮ್ಮ ಪರ ಮಾತಾಡುವ ಹಕ್ಕು ಬಂತು, ಕೆಲಸ ಮಾಡದಿದ್ದರೆ ಅದನ್ನು ಕಿತ್ತುಕೊಳ್ಳುವ ಹಕ್ಕು ನಿಮ್ಮ ಹತ್ತಿರ ಉಳಿಯಿತು. ಇದು ಪ್ರಾತಿನಿಧ್ಯದ ಮೊದಲನೇ ಅರ್ಥ, ಕಾಗದದ ಅರ್ಥ. ಎರಡನೆಯದು, ವಕೀಲರು ನಮ್ಮ ಜನ, ನಮ್ಮ ಕಡೆಯವರು, ಹೊಲ ಮನೆ ಗೊತ್ತಿದ್ದವರು ಅನ್ನುವುದು. ಅಂದರೆ ಅವರು ನಮ್ಮಂತೆ ಇರುವುದು. ಮೂರನೆಯದು, ಅವರು ಕರಿಕೋಟು ಹಾಕಿಕೊಂಡು ನಿಂತರೆ ನಮಗೆ ಎದೆ ಉಬ್ಬುವುದು. ಅಂದರೆ ಅವರು ನಮ್ಮ ಗುರುತಾಗುವುದು. ನಾಲ್ಕನೆಯದು, ಜಡ್ಜಿನ ಮುಂದೆ ಅವರು ನಿಜವಾಗಿ ನಮ್ಮ ಪಹಣಿ ತೆಗೆದು, ನಮ್ಮ ಸಾಕ್ಷಿ ಕರೆಸಿ, ನಮ್ಮ ಕೇಸು ವಾದಿಸುವುದು. ಈ ನಾಲ್ಕೂ ಬೇರೆ ಬೇರೆ. ಮೊದಲ ಮೂರು ಇದ್ದು ನಾಲ್ಕನೆಯದು ಇಲ್ಲದಿದ್ದರೆ ಹೊಲ ಹೋಗುತ್ತದೆ. ಪಿಟ್ಕಿನ್ ಒತ್ತಿ ಹೇಳಿದ್ದು ಈ ನಾಲ್ಕನೆಯದನ್ನು.

ಈಗ ಎದೆ ಮುಟ್ಟಿಕೊಂಡು ಹೇಳಿ. ನಾವು ಚುನಾವಣೆಯಲ್ಲಿ ನೋಡುವುದು ಯಾವುದನ್ನು? ಎರಡನೆಯದನ್ನು ಮತ್ತು ಮೂರನೆಯದನ್ನು. ನಮ್ಮ ಜಾತಿಯವನೇ, ನಮ್ಮ ಹೋಬಳಿಯವನೇ, ನಮ್ಮ ಜಾತ್ರೆಗೆ ಬಂದಿದ್ದನೇ, ಹೆಗಲ ಮೇಲೆ ಹಸಿರು ಟವೆಲ್ ಹಾಕಿಕೊಂಡಿದ್ದನೇ. ವಕೀಲರಿಗೆ ವಕಾಲತ್ತು ಕೊಟ್ಟ ಮೇಲೆ ಪ್ರತಿ ತಾರೀಖಿಗೂ ಬಸ್ಸು ಹತ್ತಿ ಹೋಗಿ ಕೋರ್ಟಿನ ಮೆಟ್ಟಿಲ ಮೇಲೆ ಕೂರುವ ನಾವು, ಓಟು ಕೊಟ್ಟ ಮೇಲೆ ಐದು ವರ್ಷ ಒಂದು ತಾರೀಖಿಗೂ ಹೋಗುವುದಿಲ್ಲ.

“ರೈತನ ಮಗ” ಅನ್ನುವ ಮಾತಿಗೆ ಬರೋಣ. 1952ರ ಮೊದಲ ಲೋಕಸಭೆಯಲ್ಲಿ ವಕೀಲರದ್ದೇ ದೊಡ್ಡ ಗುಂಪು. ಆಮೇಲಿನ ದಶಕಗಳಲ್ಲಿ ತಮ್ಮ ಕಸುಬು ‘ಕೃಷಿ’ ಅಂತ ಬರೆಸಿದವರೇ ದೊಡ್ಡ ಗುಂಪಾದರು. ಹಾಗಾದರೆ ದಿಲ್ಲಿಯಲ್ಲಿ ರೈತರ ರಾಜ್ಯ ಬರಬೇಕಿತ್ತಲ್ಲ? ಅಶುತೋಷ್ ವಾರ್ಷ್ಣೇಯ ಅನ್ನುವ ವಿದ್ವಾಂಸರು 1995ರಲ್ಲಿ ಇದೇ ಗಂಟನ್ನು ಬಿಚ್ಚಲು ಒಂದು ಪುಸ್ತಕ ಬರೆದರು. ಹಳ್ಳಿಯವರಿಗೆ ಓಟಿನ ಬಲ ಐತೆ, ಸಂಸತ್ತಿನಲ್ಲಿ ಜನ ಇದ್ದಾರೆ, ಚಳವಳಿ ಐತೆ, ಆದರೂ ಬೆಲೆಯ ವಿಷಯದಲ್ಲಿ ಒಂದು ಹಂತದಾಚೆ ಹೋಗಲಾಗಲಿಲ್ಲ ಯಾಕೆ? ಅವರು ಕೊಟ್ಟ ಮುಖ್ಯ ಉತ್ತರ ಇದು. ರೈತನಿಗೆ ರೈತ ಅನ್ನುವ ಗುರುತು ಒಂದೇ ಅಲ್ಲ. ಚಳವಳಿಯ ದಿನ ರೈತ, ಓಟಿನ ದಿನ ಜಾತಿಯವನು, ಧರ್ಮದವನು. ಅವನ ಬಲವನ್ನು ಬೇರೆಯವರು ಮುರಿದಿದ್ದಕ್ಕಿಂತ ಅವನ ಒಳಗಿನ ಬಿರುಕು ಮುರಿದಿದ್ದು ಹೆಚ್ಚು.

ಇದನ್ನು ನಾವು ಪುಸ್ತಕದಿಂದ ಕಲಿಯಬೇಕಾಗಿಲ್ಲ, ಬೆನ್ನ ಮೇಲೆ ಬರೆದಿದೆ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಮಲಪ್ರಭಾ ನಾಲೆಯ ಅಭಿವೃದ್ಧಿ ಕರದ ವಿರುದ್ಧ ಎದ್ದ ರೈತರ ಮೇಲೆ ಗುಂಡು ಹಾರಿತು. ಅದೇ ವರ್ಷ ಎಚ್.ಎಸ್. ರುದ್ರಪ್ಪನವರು, ಸುಂದರೇಶ್, ಪ್ರೊಫೆಸರ್ ನಂಜುಂಡಸ್ವಾಮಿಯವರ ಮುಂದಾಳತನದಲ್ಲಿ ರೈತ ಸಂಘ ಕಟ್ಟಲಾಯಿತು. ಅದರ ಬೇರು ಆಗಿನ ಶಿವಮೊಗ್ಗ ಜಿಲ್ಲೆಯಲ್ಲಿ, ಅಂದರೆ ನಮ್ಮ ಚನ್ನಗಿರಿ, ಹೊನ್ನಾಳಿಯೂ ಸೇರಿದ್ದ ಮಣ್ಣಿನಲ್ಲಿ. ಅಪ್ಪಣೆಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಕೂಡದು ಅಂತ ಊರಬಾಗಿಲಿಗೆ ಬೋರ್ಡು ಹಾಕಿದ ದಿನಗಳು ಅವು. 1983ರಲ್ಲಿ ಗುಂಡೂರಾಯರ ಸರ್ಕಾರ ಬಿದ್ದಿತು, ರೈತರ ಸಿಟ್ಟು ಅದಕ್ಕೊಂದು ಕಾರಣ. ಆದರೆ ನಾವೇ ಚುನಾವಣೆಗೆ ನಿಂತಾಗ? 1989ರಲ್ಲಿ ಬಾಬಾಗೌಡ ಪಾಟೀಲರು ಕಿತ್ತೂರು, ಧಾರವಾಡ ಗ್ರಾಮಾಂತರ ಎರಡರಲ್ಲೂ ಗೆದ್ದರು. ಬಿಟ್ಟುಕೊಟ್ಟ ಧಾರವಾಡದ ಸೀಟಿನಲ್ಲಿ ನಂಜುಂಡಸ್ವಾಮಿಯವರು ಗೆದ್ದರು. 1994ರಲ್ಲಿ ಪಾಂಡವಪುರದಿಂದ, 2013ರಲ್ಲಿ ಮೇಲುಕೋಟೆಯಿಂದ ಪುಟ್ಟಣ್ಣಯ್ಯ ಗೆದ್ದರು. 2023ರಲ್ಲಿ ಅವರ ಮಗ ದರ್ಶನ್ ಗೆದ್ದರು. 224 ಸೀಟಿನ ಸದನದಲ್ಲಿ ಯಾವ ಕಾಲದಲ್ಲೂ ಬೆರಳ ಮೇಲೆ ಎಣಿಸುವಷ್ಟೇ. ಮೆರವಣಿಗೆಯಲ್ಲಿ ಲಕ್ಷ ಟವೆಲ್ಲು, ಪೆಟ್ಟಿಗೆಯಲ್ಲಿ ಹಿಡಿ ಓಟು. ಬಯ್ಯುವುದಾದರೆ ಮೊದಲು ನಮ್ಮನ್ನೇ ಬೈದುಕೊಳ್ಳಬೇಕು.

ಆದರೆ ಎಲ್ಲ ತಪ್ಪೂ ನಮ್ಮದೇ ಅಂತ ಸುಮ್ಮನಿರುವುದಕ್ಕೂ ಬರುವುದಿಲ್ಲ. ಗೆದ್ದವನ ಬಾಯಿಗೇ ಬೀಗ ಹಾಕುವ ಕಾನೂನೊಂದಿದೆ. 1985ರಲ್ಲಿ ಸಂವಿಧಾನಕ್ಕೆ 52ನೇ ತಿದ್ದುಪಡಿ ತಂದು ಪಕ್ಷಾಂತರ ನಿಷೇಧ ಮಾಡಿದರು. ಉದ್ದೇಶ ಒಳ್ಳೆಯದೇ. ಬೆಳಿಗ್ಗೆ ಒಂದು ಪಕ್ಷ, ಸಾಯಂಕಾಲ ಒಂದು ಪಕ್ಷ ಅನ್ನುವ ಸಂತೆ ವ್ಯಾಪಾರ ನಿಲ್ಲಲಿ ಅಂತ. ಆ ವ್ಯಾಪಾರ ನಿಂತಿತೋ ಇಲ್ಲವೋ ಕರ್ನಾಟಕದವರಿಗೆ ಹೇಳಬೇಕಾಗಿಲ್ಲ. ಆದರೆ ಒಂದಂತೂ ಆಯಿತು. ಪಕ್ಷ ವಿಪ್ ಕೊಟ್ಟರೆ ಅದರ ವಿರುದ್ಧ ಓಟು ಹಾಕಿದವನ ಸೀಟೇ ಹೋಗಬಹುದು. 1774ರಲ್ಲಿ ಇಂಗ್ಲೆಂಡಿನ ಎಡ್ಮಂಡ್ ಬರ್ಕ್ ಅನ್ನುವ ಸಂಸದ ತನ್ನ ಮತದಾರರಿಗೆ, ನಾನು ನೀವು ಹೇಳಿದಂತೆ ಕುಣಿಯುವವನಲ್ಲ, ನನ್ನ ವಿವೇಕ ಬಳಸುವವನು, ಅಂತ ಭಾಷಣ ಮಾಡಿದ್ದನಂತೆ. ಜನರ ಮಾತು ಕೇಳುವವನು ಮೇಲೋ, ಸ್ವಂತ ಬುದ್ಧಿ ಬಳಸುವವನು ಮೇಲೋ ಅಂತ ಇನ್ನೂರೈವತ್ತು ವರ್ಷದಿಂದ ಚರ್ಚೆ ನಡೆದಿದೆ. ನಮ್ಮವರದ್ದು ಎರಡೂ ಅಲ್ಲ ನೋಡಿ. ನಮ್ಮ ಮಾತೂ ಕೇಳುವುದಿಲ್ಲ, ತಮ್ಮ ಬುದ್ಧಿಯನ್ನೂ ಬಳಸುವಂತಿಲ್ಲ. ಕೈ ಎತ್ತು ಅಂದರೆ ಎತ್ತಬೇಕು.

ಸಾಕ್ಷಿ ಬೇಕೆ? 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಕೃಷಿ ಮಸೂದೆಗಳನ್ನು ಧ್ವನಿಮತದಿಂದ ಪಾಸು ಮಾಡಿದರು. ಓಟು ಎಣಿಸಿ ಅಂತ ವಿರೋಧ ಪಕ್ಷದವರು ಕೂಗಿದರೂ ಎಣಿಸಲಿಲ್ಲ. ರೈತರು ದಿಲ್ಲಿಯ ಗಡಿಯಲ್ಲಿ ಚಳಿ, ಬಿಸಿಲು, ಮಳೆಯಲ್ಲಿ ವರ್ಷಪೂರ್ತಿ ಕೂತರು. 2021ರ ನವೆಂಬರ್ 29ರಂದು ಅದೇ ಸಂಸತ್ತು ಆ ಕಾನೂನುಗಳನ್ನು ವಾಪಸು ತೆಗೆದುಕೊಂಡಿತು, ಅದೂ ಚರ್ಚೆಯೇ ಇಲ್ಲದೆ. ತರುವಾಗ ಎಣಿಸಲಿಲ್ಲ, ತೆಗೆಯುವಾಗ ಮಾತಾಡಲಿಲ್ಲ. ಎರಡು ಸಲವೂ ಕೃಷಿಕರು ಅಂತ ಕಸುಬು ಬರೆಸಿದವರು ಒಳಗೇ ಇದ್ದರು. ಕಾನೂನು ಹೋಗಿದ್ದು ಒಳಗಿದ್ದವರಿಂದಲ್ಲ, ಹೊರಗೆ ರಸ್ತೆಯಲ್ಲಿ ಕೂತವರಿಂದ.

ಇನ್ನು ಸಾಲದ ಮಾತು. ಈ ಪತ್ರಿಕೆ ಓದುವ ನಿಮಗೆ ಸಾಲದ ವಿಷಯ ನಾನು ಹೇಳಿಕೊಡಬೇಕೆ? ಆದರೂ ಒಂದು ಲೆಕ್ಕ ಕೇಳಿ. ಶಾನ್ ಕೋಲ್ ಅನ್ನುವ ಸಂಶೋಧಕರು ನಮ್ಮ ದೇಶದ ಬ್ಯಾಂಕುಗಳ ಅಂಕಿ ಅಂಶ ಹಿಡಿದು 2009ರಲ್ಲಿ ಒಂದು ಲೇಖನ ಬರೆದರು. ಸರ್ಕಾರಿ ಬ್ಯಾಂಕುಗಳ ಕೃಷಿ ಸಾಲದ ಬೆಳವಣಿಗೆ ಚುನಾವಣೆಯ ವರ್ಷದಲ್ಲಿ ಉಳಿದ ವರ್ಷಕ್ಕಿಂತ ಶೇಕಡಾ 5ರಿಂದ 10ರಷ್ಟು ಅಂಶ ಏರುತ್ತದೆ. ಪೈಪೋಟಿ ಬಿಗಿಯಿದ್ದ ಕಡೆಗೆ ಹೆಚ್ಚು ಹರಿಯುತ್ತದೆ. ಆದರೆ ಆ ಹೆಚ್ಚಿದ ಸಾಲದಿಂದ ಬೆಳೆ ಹೆಚ್ಚಾದದ್ದು ಕಾಣಲಿಲ್ಲವಂತೆ. ಅರ್ಥವಾಯಿತಲ್ಲ? ಮಳೆ ನೋಡಿ ಬಿತ್ತುವ ನಮಗೆ ಸಾಲ ಸಿಗುವುದು ಮಳೆ ನೋಡಿಯಲ್ಲ, ಓಟು ನೋಡಿ.

ಸಾಲ ಮನ್ನಾ ಕೂಡ ಹಾಗೆಯೇ. 1990ರಲ್ಲಿ ವಿ.ಪಿ. ಸಿಂಗ್ ಸರ್ಕಾರ 10 ಸಾವಿರದ ತನಕ ಮಾಡಿತು, 2008ರಲ್ಲಿ ಮನಮೋಹನ್ ಸಿಂಗ್ ಸರ್ಕಾರ ಮಾಡಿತು. 2018ರಲ್ಲಿ ಕುಮಾರಸ್ವಾಮಿಯವರು 34,000 ಕೋಟಿ ರೂಪಾಯಿಯ ಮನ್ನಾ, ಒಂದು ಕುಟುಂಬಕ್ಕೆ 2 ಲಕ್ಷದ ತನಕ ಅಂತ ಬಜೆಟ್ಟಿನಲ್ಲಿ ಸಾರಿದರು. ಮನ್ನಾ ಬೇಡ ಅನ್ನುವವನಲ್ಲ ನಾನು. ಬೆಲೆ ಕೊಡದೆ ಕಸಿದುಕೊಂಡಿದ್ದರಲ್ಲಿ ಒಂದು ಪಾಲು ವಾಪಸು ಕೊಡುವುದು ಧರ್ಮವಲ್ಲ, ಬಾಕಿ ಚುಕ್ತಾ. ಆದರೆ ಅದು ಬರುವ ರೀತಿ ನೋಡಿ.

ನನ್ನದೇ ಕಥೆ ಹೇಳುತ್ತೇನೆ, ನಗಬೇಡಿ. ಮನ್ನಾ ಪಟ್ಟಿ ಬಂತು, ಅದರಲ್ಲಿ ನನ್ನ ಹೆಸರಿಲ್ಲ. ಪಹಣಿಯಲ್ಲಿ ನನ್ನ ಹೆಸರು ಒಂದು ಥರ, ರೇಷನ್ ಕಾರ್ಡಿನಲ್ಲಿ ಇನ್ನೊಂದು ಥರ. ಮೂರು ತಿಂಗಳು ಅಲೆದೆ. ಕೊನೆಗೆ ಒಬ್ಬ ಪುಢಾರಿಯ ಮನೆ ಬಾಗಿಲಲ್ಲಿ ಬೆಳಿಗ್ಗೆ ಆರು ಗಂಟೆಗೆ ಕೈಕಟ್ಟಿ ನಿಂತೆ. ಅವರು ಕಾಫಿ ಕುಡಿಯುತ್ತಲೇ ಒಂದು ಫೋನು ಮಾಡಿದರು. ಕೆಲಸ ಆಯಿತು. ಕೈ ಮುಗಿದು ಬಂದೆ. ಮುಂದಿನ ಚುನಾವಣೆಯಲ್ಲಿ ಆ ಮನುಷ್ಯನಿಗೇ ಓಟು ಹಾಕಿದೆ. ಮೆಕ್ಕೆಜೋಳದ ಬೆಲೆಗೆ ನೀವೇನು ಮಾಡಿದಿರಿ ಅಂತ ಕೇಳಲು ನಾಲಿಗೆ ಏಳಲಿಲ್ಲ. ನನಗೆ ಹಕ್ಕಿನಿಂದ ಬರಬೇಕಾದ್ದನ್ನು ಭಿಕ್ಷೆಯಂತೆ ಇಸಕೊಂಡು, ಒಂದು ಫೋನಿಗೆ ಐದು ವರ್ಷ ಮಾರಿದೆ. ವೇದಿಕೆಯ ಮೇಲೆ ನಿಂತು ಭಾಷಣ ಮಾಡುವ ನನ್ನ ಹಣೆಬರಹವೇ ಇದು. ನಿಮ್ಮದೂ ಬೇರೆಯಿರಲಿಕ್ಕಿಲ್ಲ.

ಜೆನ್ನಿಫರ್ ಬಸೆಲ್ ಅನ್ನುವವರು 2019ರ ತಮ್ಮ ಪುಸ್ತಕದಲ್ಲಿ ಇದನ್ನೇ ಬರೆದಿದ್ದಾರೆ. ನಮ್ಮ ಶಾಸಕರು, ಸಂಸದರು ತಮ್ಮ ಸಮಯದ ದೊಡ್ಡ ಪಾಲನ್ನು ಇಂಥ ಒಂಟಿ ಜನರ ಅಹವಾಲಿಗೇ ಕೊಡುತ್ತಾರೆ, ಬಹಳಷ್ಟು ಸಲ ನೀನು ಯಾವ ಪಕ್ಷ ಅಂತಲೂ ಕೇಳದೆ ಮಾಡಿಕೊಡುತ್ತಾರೆ. ಇದರಲ್ಲಿ ಒಳ್ಳೆಯದೂ ಇದೆ, ಒಪ್ಪೋಣ. ಆದರೆ ಕಚೇರಿ ನೆಟ್ಟಗೆ ಕೆಲಸ ಮಾಡಿದ್ದರೆ ಅವರ ಬಾಗಿಲಿಗೆ ನಾವು ಹೋಗಬೇಕಿತ್ತೆ? ಒಬ್ಬೊಬ್ಬರೇ ಹೋದರೆ ಫೋನು ಸಿಗುತ್ತದೆ. ಬೆಲೆ ಸಿಗಬೇಕಾದರೆ ಒಟ್ಟಿಗೆ ಹೋಗಬೇಕು.

ಒಟ್ಟಿಗೆ ಹೋದವರಿಗೆ ಏನು ಸಿಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಡಿ, ಜಗಳೂರಿನವರು ಚನ್ನಗಿರಿ ನೋಡಿ. ಅಡಿಕೆ ಬೆಳೆಗಾರರಿಗೆ ತುಮ್ಕೋಸ್‌ನಂಥ ಸ್ವಂತ ಸಹಕಾರ ಸಂಘ ಐತೆ, ಕರಾವಳಿಯಲ್ಲಿ 1973ರಲ್ಲೇ ಹುಟ್ಟಿದ ಕ್ಯಾಂಪ್ಕೋ ಐತೆ. ಹೊರದೇಶದ ಅಡಿಕೆ ಅಗ್ಗಕ್ಕೆ ಬಂದು ಬೀಳುತ್ತಿದೆ ಅಂದಾಗ ಎಲ್ಲ ಪಕ್ಷದವರ ಮೇಲೂ ಒತ್ತಡ ಬಿತ್ತು. 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಆಮದು ಅಡಿಕೆಯ ಕನಿಷ್ಠ ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು. ಅಡಿಕೆಯವರ ಎಲ್ಲ ಕಷ್ಟವೂ ತೀರಿತು ಅನ್ನುತ್ತಿಲ್ಲ, ಅವರ ಮಾತಿಗೆ ಒಂದು ದಾರಿ ಇತ್ತು ಅನ್ನುತ್ತಿದ್ದೇನೆ. ಮೆಕ್ಕೆಜೋಳದವನಿಗೆ ಅಂಥ ಸಂಘವಿಲ್ಲ, ಸ್ವಂತ ಗೋದಾಮಿಲ್ಲ, ಕಣದಿಂದ ಸೀದಾ ದಲ್ಲಾಳಿ ಅಂಗಡಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಲ್ಲವೂ 2008ರಿಂದ ಒಂದೇ ದಾವಣಗೆರೆ ಲೋಕಸಭಾ ಕ್ಷೇತ್ರ. ಸಂಸದರು ಒಬ್ಬರೇ. ಒಬ್ಬನ ಬೆಳೆ ದಿಲ್ಲಿ ತನಕ ಹೋಯಿತು, ಇನ್ನೊಬ್ಬನ ಬೆಳೆ ರಸ್ತೆಯಲ್ಲೇ ನಿಂತಿತು. ವ್ಯತ್ಯಾಸ ಸಂಸದರಲ್ಲಿಲ್ಲ, ಅವರ ಬೆನ್ನ ಹಿಂದೆ ಯಾರು ಸಂಘ ಕಟ್ಟಿ ನಿಂತಿದ್ದಾರೆ ಅನ್ನುವುದರಲ್ಲಿದೆ.

ಈಗ ಕಹಿ ಮಾತು. ಶಿಬಿರದ ಎರಡನೇ ದಿನ, ಅಡುಗೆಗೆ ಬಂದಿದ್ದ ಕೂಲಿ ಹೆಣ್ಣುಮಗಳೊಬ್ಬಳು ನೀರಿನ ಕೊಡ ಇಳಿಸಿ ಬಾಗಿಲಲ್ಲಿ ನಿಂತು ನಮ್ಮ ಮಾತು ಕೇಳುತ್ತಿದ್ದಳು. ನಾನು ಏನವ್ವಾ ಅಂದೆ. “ಅಣ್ಣಾ, ನಿಮ್ಮ ಪರ ಯಾರೂ ಮಾತಾಡಲ್ಲ ಅಂತೀರಿ. ನಮ್ಮ ಪರ ನೀವು ಯಾವಾಗ ಮಾತಾಡಿದ್ರಿ?” ಅಂದಳು. ಅವತ್ತು ಊಟ ನನಗೆ ಗಂಟಲಲ್ಲಿ ಇಳಿಯಲಿಲ್ಲ.

‘ರೈತ’ ಅಂದಾಗ ನಾವು ಪಹಣಿ ಇದ್ದವನನ್ನು ಮಾತ್ರ ಎಣಿಸುತ್ತೇವೆ. ಪಾಲಿಗೆ ಮಾಡುವವನು, ಗುತ್ತಿಗೆಗೆ ಮಾಡುವವನು, ಕಳೆ ಕೀಳುವವಳು ಆ ಲೆಕ್ಕದಲ್ಲಿಲ್ಲ. ಬೆಳೆ ಪರಿಹಾರ ಬಂದರೆ ಪಹಣಿ ಇದ್ದವನ ಖಾತೆಗೆ, ಬೆಳೆ ಹೋದ ನಷ್ಟ ಗುತ್ತಿಗೆಯವನ ತಲೆಗೆ. ನಮ್ಮ ಪರವಾಗಿ ದಿಲ್ಲಿಯವನು ಮಾತಾಡುವುದಿಲ್ಲ ಅನ್ನುವ ನಾವು, ಇವರ ಪರವಾಗಿ ನಾವೇ ಮಾತಾಡುತ್ತೇವೆ ಅಂತ ಯಾರನ್ನು ಕೇಳಿ ಹೇಳಿಕೊಂಡೆವು? ಮೈಕೆಲ್ ಸಾವರ್ಡ್ ಅನ್ನುವವರು 2010ರ ತಮ್ಮ ಪುಸ್ತಕದಲ್ಲಿ ಹೇಳುವುದು ಇದೇ. ಪ್ರತಿನಿಧಿಯಾಗುವುದು ಗೆದ್ದವನು ಮಾತ್ರವಲ್ಲ. ಸಂಘದವನು, ಮಠದವನು, ಚಳವಳಿಯವನು, ಯಾರೇ ಆಗಲಿ ‘ನಾನು ಇವರ ಪರ’ ಅಂದರೆ ಅದೊಂದು ದಾವೆ. ದಾವೆ ಹೂಡಿದ ಮೇಲೆ ಅದನ್ನು ಒಪ್ಪುವ, ತಳ್ಳಿಹಾಕುವ ಹಕ್ಕು ಆ ಜನರಿಗಿದೆ. ಜಗಳೂರಿನ 57 ಕೆರೆಗೆ ತುಂಗಭದ್ರೆಯ ನೀರು ತರಿಸುವ ವಿಷಯದಲ್ಲಿ ಸಿರಿಗೆರೆ ಸ್ವಾಮಿಗಳು ಮುಂದೆ ನಿಂತದ್ದು ಎಲ್ಲರಿಗೂ ಗೊತ್ತು. ಅವರನ್ನು ಯಾರೂ ಓಟು ಹಾಕಿ ಆರಿಸಿರಲಿಲ್ಲ, ಜನ ಒಪ್ಪಿದರು. ನಮ್ಮ ಸಂಘವನ್ನೂ ಯಾರೂ ಓಟು ಹಾಕಿ ಆರಿಸಿಲ್ಲ. ಹಾಗಾದರೆ ಆ ಹೆಣ್ಣುಮಗಳ ಪ್ರಶ್ನೆ ನಮ್ಮ ಮೇಲಿನ ನೋಟೀಸು. ಜವಾಬು ಕೊಡಲೇಬೇಕು.

ನಮ್ಮಂಥವರೇ ಸೀಟಿನಲ್ಲಿ ಕೂತರೆ ಏನಾದರೂ ಬದಲಾಗುತ್ತದೆಯೇ ಅನ್ನುವುದಕ್ಕೆ ಇನ್ನೆರಡು ಸಂಶೋಧನೆ ಕೇಳಿ, ಒಂದಕ್ಕೊಂದು ಎದುರಾಗಿವೆ. ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೋ ಪಶ್ಚಿಮ ಬಂಗಾಳ, ರಾಜಸ್ತಾನದ ಪಂಚಾಯಿತಿಗಳನ್ನು ನೋಡಿ 2004ರಲ್ಲಿ ಬರೆದರು. ಮೀಸಲಾತಿಯಿಂದ ಹೆಂಗಸರು ಅಧ್ಯಕ್ಷರಾದ ಕಡೆ ಕುಡಿಯುವ ನೀರಿನ ಕೆಲಸ ಹೆಚ್ಚು ಆಗಿತ್ತು. ಆಗದೆ ಏನು, ಕೊಡ ಹೊತ್ತವರಿಗಲ್ಲವೇ ಬಾವಿಯ ದೂರ ಗೊತ್ತು? ಆ ಡುಫ್ಲೋ ಅವರಿಗೆ 2019ರಲ್ಲಿ ನೊಬೆಲ್ ಬಂತು. ಇನ್ನೊಂದು ನಮ್ಮ ಕರ್ನಾಟಕದ ಪಂಚಾಯಿತಿಗಳನ್ನೂ ಒಳಗೊಂಡದ್ದು. ಥ್ಯಾಡ್ ಡನ್ನಿಂಗ್ ಮತ್ತು ಜಾಹ್ನವಿ ನಿಲೇಕಣಿ 2013ರಲ್ಲಿ ಬರೆದದ್ದು. ಪರಿಶಿಷ್ಟ ಜಾತಿ, ಪಂಗಡಕ್ಕೆ ಅಧ್ಯಕ್ಷಗಿರಿ ಮೀಸಲಾದ ಕಡೆ ಆ ಜನರಿಗೆ ಸವಲತ್ತು ಹೆಚ್ಚಾಗಿ ಹೋಯಿತೇ ಅಂತ ನೋಡಿದರೆ ಅಂಥ ವ್ಯತ್ಯಾಸ ಕಾಣಲಿಲ್ಲ. ಕಾರಣ, ಹಂಚುವಾಗ ಪಕ್ಷದ ನಂಟು ಜಾತಿಯ ನಂಟನ್ನು ದಾಟಿ ಹೋಗುತ್ತದೆ. ಇದನ್ನು ಹಿಡಿದು ಮೀಸಲಾತಿ ದಂಡ ಅಂತ ಯಾರಾದರೂ ಕಟ್ಟೆಯಲ್ಲಿ ಹೇಳಿದರೆ ಒಪ್ಪಬೇಡಿ. 2008ರಿಂದ ಜಗಳೂರು ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲು. ನಮಗೆ ಅವಕಾಶ ಹೋಯಿತು ಅಂತ ಗೊಣಗುವ ಜಮೀನುದಾರರನ್ನು ನಾನು ಬಲ್ಲೆ. ಶತಮಾನಗಟ್ಟಲೆ ಚಾವಡಿಯ ಕೆಳಗೆ ನಿಂತವನು ಮೇಲೆ ಕೂರುವುದೇ ಒಂದು ನ್ಯಾಯ. ಆದರೆ ಕೂತ ಮಾತ್ರಕ್ಕೆ ಕೆಲಸ ಆಗುವುದಿಲ್ಲ. ಕೂತವನನ್ನು ಪಕ್ಷ ಎಳೆಯುತ್ತದೆ, ಎದುರು ಕಡೆಯಿಂದ ಎಳೆಯಲು ಜನ ಬೇಕು. ಆ ಮಾತು ದಲಿತ ಅಧ್ಯಕ್ಷನಿಗೆ ಎಷ್ಟು ನಿಜವೋ ‘ರೈತನ ಮಗ’ ಸಂಸದನಿಗೂ ಅಷ್ಟೇ ನಿಜ.

ಹಾಗಾದರೆ ಮಾಡುವುದೇನು? ಭಾಷಣ ಕೇಳಿ ಚಪ್ಪಾಳೆ ತಟ್ಟಿ ಮನೆಗೆ ಹೋದರೆ ಆಗುವುದೇನಿಲ್ಲ. ಶಿಬಿರದಲ್ಲಿ ನಾವು ಒಪ್ಪಿಕೊಂಡ ಕೆಲಸಗಳನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲನೆಯದು ಗ್ರಾಮಸಭೆ. ಟಿಮ್ ಬೆಸ್ಲಿ, ರೋಹಿಣಿ ಪಾಂಡೆ, ವಿಜಯೇಂದ್ರ ರಾವ್ ಅನ್ನುವವರು ದಕ್ಷಿಣ ಭಾರತದ ಐನೂರಕ್ಕೂ ಹೆಚ್ಚು ಹಳ್ಳಿಗಳನ್ನು ನೋಡಿ 2005ರಲ್ಲಿ ಬರೆದರು. ಗ್ರಾಮಸಭೆ ನಡೆದ ಕಡೆ ಬಿ.ಪಿ.ಎಲ್. ಕಾರ್ಡು ನಿಜವಾದ ಬಡವರಿಗೆ ಹೆಚ್ಚು ಸಿಕ್ಕಿದೆ. ಆ ಸಭೆಗೆ ಹೆಚ್ಚಾಗಿ ಬರುವವರು ಬಡವರು, ಜಮೀನಿಲ್ಲದವರು. ನಾವು? ಅದು ಕಾರ್ಡಿನವರ ಸಭೆ ಅಂತ ಹೊಲದ ಕಡೆ ಹೋಗುತ್ತೇವೆ. ಇನ್ನು ಮೇಲೆ ಹೋಗಬೇಕು. ಹೋಗಿ ಅವರ ಬಾಯಿ ಮುಚ್ಚಿಸುವುದಕ್ಕಲ್ಲ, ಅವರ ಪಕ್ಕ ಕೂರುವುದಕ್ಕೆ. ಅಬ್ದುಲ್ ನಜೀರ್ ಸಾಬರು ಕಟ್ಟಿದ ಪಂಚಾಯತ್ ವ್ಯವಸ್ಥೆ ಇದು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ ಅಧಿಕಾರಿಗಳೇ ಆಳಿದರು. ನಾವು ಒಂದು ದಿನವಾದರೂ ಕೇಳಿದೆವೆ? ಬೇಲಿ ಬಿದ್ದರೆ ಅವತ್ತೇ ಕಟ್ಟುವ ನಾವು ಇದನ್ನು ಬೀಳಲು ಬಿಟ್ಟೆವು.

ಎರಡನೆಯದು, ನಮ್ಮ ಸೊಸೈಟಿಯ ವಾರ್ಷಿಕ ಮಹಾಸಭೆ. ಸಹಿ ಹಾಕಿ, ಉಪ್ಪಿಟ್ಟು ತಿಂದು ಬರುವ ಸಭೆಯಲ್ಲ ಅದು. ಯಾರಿಗೆ ಎಷ್ಟು ಸಾಲ ಹೋಯಿತು, ಹೊಸ ಸದಸ್ಯರನ್ನು ಯಾಕೆ ಸೇರಿಸಲಿಲ್ಲ, ಗುತ್ತಿಗೆ ಮಾಡುವವನಿಗೆ ಸಾಲ ಯಾಕಿಲ್ಲ ಅಂತ ಎದ್ದು ಕೇಳಬೇಕು. ಮೆಕ್ಕೆಜೋಳದವರು ಅಡಿಕೆಯವರನ್ನು ನೋಡಿ ತಮ್ಮದೊಂದು ಮಾರಾಟ ಸಂಘ ಕಟ್ಟಲು ಇಲ್ಲಿಂದಲೇ ಶುರು ಮಾಡಬೇಕು.

ಮೂರನೆಯದು, ವರ್ಷಕ್ಕೊಂದು ಲೆಕ್ಕದ ಸಭೆ. ಶಾಸಕರನ್ನು, ಸಂಸದರನ್ನು ಹಾರ ಹಾಕುವುದಕ್ಕಲ್ಲ, ಲೆಕ್ಕ ಕೇಳುವುದಕ್ಕೆ ಕರೆಯಬೇಕು. ಸದನದಲ್ಲಿ ಅವರು ಕೇಳಿದ ಪ್ರಶ್ನೆಗಳು ದಾಖಲೆಯಲ್ಲಿರುತ್ತವೆ, ಓದುವ ಹುಡುಗರು ಮೊಬೈಲಿನಲ್ಲೇ ತೆಗೆದು ತೋರಿಸುತ್ತಾರೆ. 2023ರ ಕೇಂದ್ರ ಬಜೆಟ್ಟಿನಲ್ಲಿ ಭದ್ರಾ ಮೇಲ್ದಂಡೆಗೆ 5,300 ಕೋಟಿ ಅಂತ ಸಾರಿದರು. ಮರುವರ್ಷವೂ ರಾಜ್ಯ ಸರ್ಕಾರ ದುಡ್ಡು ಬಂದಿಲ್ಲ ಅನ್ನುತ್ತಿತ್ತು. ಇದರ ಮೇಲೆ ನೀವು ಎಷ್ಟು ಸಲ ಎದ್ದು ನಿಂತಿರಿ? ಮೆಕ್ಕೆಜೋಳದ ಮೇಲೆ ಎಷ್ಟು ಸಲ? ವಿಪ್ ಇದ್ದದ್ದು ಓಟಿಗೆ, ಪ್ರಶ್ನೆ ಕೇಳುವುದಕ್ಕೆ ಯಾವ ವಿಪ್ಪೂ ಅಡ್ಡವಿಲ್ಲ. ಬರದಿದ್ದರೆ ಕುರ್ಚಿ ಖಾಲಿ ಇಟ್ಟು ಸಭೆ ನಡೆಸೋಣ, ಖಾಲಿ ಕುರ್ಚಿಯ ಫೋಟೋ ಊರೂರಿಗೆ ಹೋಗಲಿ.

ನಾಲ್ಕನೆಯದು ನಮ್ಮ ಒಳಗಿನದು. ಪ್ರತಿ ಗ್ರಾಮ ಘಟಕದಲ್ಲಿ ಗುತ್ತಿಗೆದಾರರಿಗೆ, ಕೂಲಿಯವರಿಗೆ, ಹೆಣ್ಣುಮಕ್ಕಳಿಗೆ ಜಾಗ ಮಾಡಬೇಕು. ಜಾಗ ಅಂದರೆ ಚಾಪೆಯ ತುದಿಯಲ್ಲಲ್ಲ, ಮಾತಿನ ಸರದಿಯಲ್ಲಿ. ಬೆಲೆ ಬಂದರೆ ಕೂಲಿಯೂ ಏರಬೇಕು ಅಂತ ನಮ್ಮ ಬೇಡಿಕೆ ಪತ್ರದಲ್ಲೇ ಬರೆಯಬೇಕು. ಶಿಬಿರದಲ್ಲಿ ಇದಕ್ಕೆ ಗಲಾಟೆಯಾಯಿತು, ಮುಚ್ಚಿಡುವುದಿಲ್ಲ. ಕೆಲವರು ಎದ್ದು ಹೋದರು. ಅವರೂ ನಮ್ಮವರೇ, ಮತ್ತೆ ಕರೆದು ಕೂರಿಸುತ್ತೇವೆ. ಆದರೆ ಆ ಸಾಲನ್ನು ಅಳಿಸುವುದಿಲ್ಲ.

ಜಗಳೂರಿನ ಆ ಹಿರಿಯರ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇಷ್ಟೇ. ನಮ್ಮವನು ಗೆದ್ದ ಮಾತ್ರಕ್ಕೆ ನಮ್ಮ ಮಾತು ಗೆಲ್ಲುವುದಿಲ್ಲ. ಬಿತ್ತಿದ ಮೇಲೆ ಹೊಲ ಕಾಯದಿದ್ದರೆ ಹಂದಿಯ ಪಾಲು. ಓಟು ಬಿತ್ತನೆ ಅಷ್ಟೇ. ಉಳಿದ ಐದು ವರ್ಷ ಕಾವಲಿನ ಕೆಲಸ, ಅದನ್ನು ಗುತ್ತಿಗೆ ಕೊಡಲು ಬರುವುದಿಲ್ಲ.

ಮುಂದಿನ ಗ್ರಾಮಸಭೆಯ ತಾರೀಖು ನಿಮ್ಮ ಪಂಚಾಯಿತಿಯಲ್ಲಿ ನಾಳೆಯೇ ಹೋಗಿ ಕೇಳಿ. ಅವತ್ತು ನಿಮ್ಮ ಜೊತೆ ಇನ್ನೊಬ್ಬರನ್ನು ಕರೆದುಕೊಂಡು ಬನ್ನಿ, ಪಹಣಿ ಇಲ್ಲದವರನ್ನು.